ಬ್ರೇಕಿಗೆ ಗಾಳಿ ಬಂದ ದಾರಿ

ಹಳೆ ಕಾರು ಮಾರುವವರು ಕೀಲಿಕೈ ಕೊಡುವಾಗ ಒಂದು ಕಿವಿಮಾತನ್ನೂ ಸೇರಿಸಿ ಕೊಡುತ್ತಾರೆ: “ಬ್ರೇಕ್ ಸ್ವಲ್ಪ ಕೆಳಗಿದೆ, ಎರಡು ಸಲ ಪಂಪ್ ಮಾಡಿದ್ರೆ ಚೆನ್ನಾಗಿ ಹಿಡಿಯುತ್ತೆ.” ಹೇಳುವವರ ಮನಸ್ಸಿನಲ್ಲಿ ಮೋಸವೇನೂ ಇರುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಓಡಿಸಿ ಅವರ ಕಾಲಿಗೆ ಅದು ಒಗ್ಗಿಹೋಗಿರುತ್ತದೆ. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟಿರುತ್ತದೆ. ಕಾಲು ಎತ್ತಿ ಎರಡನೇ ಸಲ ಒತ್ತುವಷ್ಟು ಹೊತ್ತಿನಲ್ಲಿ ಎದುರಿಗೆ ಓಡಿಬಂದ ಮಗುವಿಗೆ ಆ ದೂರ ಬದುಕು ಸಾವಿನ ನಡುವಿನ ದೂರ.

ಗ್ಯಾರೇಜಿಗೆ ಹೋದರೆ ಸಿಗುವ ಉತ್ತರವೂ ಬಹುಪಾಲು ಒಂದೇ. “ಏರ್ ಹಿಡ್ಕೊಂಡಿದೆ ಸಾರ್, ತೆಗೆದ್ರೆ ಆಯ್ತು.” ಒಬ್ಬ ಹುಡುಗ ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಚಕ್ರದ ಬಳಿ ಕೂತು ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಾನೆ, ಪೆಡಲ್ ಮೇಲೆ ಬರುತ್ತದೆ, ದುಡ್ಡು ಕೊಟ್ಟು ಬರುತ್ತೇವೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಪೆಡಲ್ ಮತ್ತೆ ಕೆಳಗೆ. ಬ್ರೇಕಿನ ದ್ರವ ಓಡಾಡುವ ದಾರಿ ಪೂರ್ತಿ ಮುಚ್ಚಿದ ದಾರಿ. ಟೈರಿನಂತೆ ಅದಕ್ಕೆ ಗಾಳಿ ತುಂಬುವ ವಾಲ್ವ್ ಇಲ್ಲ. ಹಾಗಿದ್ದ ಮೇಲೆ ಗಾಳಿ ಒಳಗೆ ಬಂದದ್ದು ಎಲ್ಲಿಂದ? ಈ ಪ್ರಶ್ನೆ ಕೇಳದೆ ಗಾಳಿ ತೆಗೆಯುವುದನ್ನು ರಿಪೇರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟೋ ಸಲ ಅಲ್ಲಿ ಗಾಳಿಯೇ ಇರುವುದಿಲ್ಲ, ಪೆಡಲ್ ಮೆತ್ತಗಾಗಲು ಬೇರೆಯೇ ಕಾರಣವಿರುತ್ತದೆ.

ಕಾಲಿನ ಬಲವನ್ನು ಸರಳು, ತಂತಿಗಳ ಬದಲು ದ್ರವದ ಮೂಲಕ ಚಕ್ರಕ್ಕೆ ಸಾಗಿಸುವ ಬ್ರೇಕಿಗೆ ನೂರು ವರ್ಷ ದಾಟಿದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಇದಕ್ಕೆ ಪೇಟೆಂಟ್ ಪಡೆದದ್ದು 1917ರಲ್ಲಿ. ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕ್ ಅಳವಡಿಸಿದ ಡ್ಯೂಸನ್‌ಬರ್ಗ್ ಕಾರು ಬಂದದ್ದು 1921ರಲ್ಲಿ. ತತ್ವ ಇಂದಿಗೂ ಅದೇ. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಅಲ್ಲಿಂದ ಸ್ಟೀಲ್ ಪೈಪು, ಚಕ್ರದ ಹತ್ತಿರ ಅಲುಗಾಟ ತಾಳಿಕೊಳ್ಳಲು ರಬ್ಬರ್ ಹೋಸ್, ಕೊನೆಗೆ ಡಿಸ್ಕ್ ಬ್ರೇಕಾದರೆ ಕ್ಯಾಲಿಪರ್, ಡ್ರಮ್ ಆದರೆ ವೀಲ್ ಸಿಲಿಂಡರ್. ಒತ್ತಿದರೆ ದ್ರವ ಕುಗ್ಗುವುದಿಲ್ಲ, ಆದ್ದರಿಂದಲೇ ಇತ್ತ ಒತ್ತಿದ್ದು ಅತ್ತ ತಲುಪುತ್ತದೆ.

ಮೆಡಿಕಲ್ ಅಂಗಡಿಯ ಒಂದು ಸಿರಿಂಜಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಪೂರ್ತಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಒತ್ತಿದರೆ ಹಿಡಿ ಜಗ್ಗುವುದಿಲ್ಲ. ಒಂದು ಗುಳ್ಳೆ ಉಳಿಸಿ ಒತ್ತಿದರೆ ಹಿಡಿ ಒಳಗೆ ಹೋಗುತ್ತದೆ, ಬಿಟ್ಟರೆ ಪುಟಿದು ವಾಪಸು ಬರುತ್ತದೆ. ಕಾರಿನ ಲೆಕ್ಕ ಹೀಗಿದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಅಂದರೆ ಸುಮಾರು 19 ಮಿ.ಮೀ. ಎಂದುಕೊಳ್ಳಿ; ಪೆಡಲಿನ ಸನ್ನೆ ಐದು ಪಟ್ಟು ಇರಲಿ. ಒಳಗೆ ಕೇವಲ 1 ಸಿ.ಸಿ. ಗಾಳಿ ಸೇರಿದ್ದರೂ ಅದನ್ನು ಹಿಂಡಲೆಂದೇ ಪಿಸ್ಟನ್ ಮೂರೂವರೆ ಮಿ.ಮೀ. ಚಲಿಸಬೇಕು, ಕಾಲು 17 ಮಿ.ಮೀ. ಹೆಚ್ಚು ಕೆಳಗಿಳಿಯಬೇಕು. ನಾಲ್ಕು ಸಿ.ಸಿ. ಆದರೆ ಏಳು ಸೆಂ.ಮೀ., ಪೆಡಲ್ ಹೆಚ್ಚುಕಡಿಮೆ ಮ್ಯಾಟ್ ಮುಟ್ಟಿದಂತೆಯೇ. ನಾಲ್ಕು ಸಿ.ಸಿ. ಎಂದರೆ ಒಂದು ಚಮಚವೂ ತುಂಬದು.

ಹಾಗಾಗಿ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ಕಾಲಿನಿಂದ ತಿಳಿಯಬೇಕಾದದ್ದು ಬಹಳವಿದೆ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಮುಗಿಯುವವರೆಗೆ ಪೆಡಲನ್ನು ನಾಲ್ಕೈದು ಸಲ ಒತ್ತಿಬಿಡಿ. ಈ ಹೆಜ್ಜೆ ಬಿಟ್ಟವರು ದಾರಿ ತಪ್ಪುತ್ತಾರೆ. ಪೆಡಲ್ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಒಂದಿಷ್ಟು ಕೆಳಗೆ ಜಾರುವುದು ಬೂಸ್ಟರ್ ಸರಿಯಾಗಿದೆ ಎಂಬುದರ ಗುರುತು. ಅದನ್ನೇ ದೋಷವೆಂದು ತಿಳಿದು ಸರಿಯಿದ್ದ ಮಾಸ್ಟರ್ ಸಿಲಿಂಡರನ್ನು ಬದಲಿಸಿಕೊಂಡವರಿದ್ದಾರೆ.

ಈಗ ಒತ್ತಿ. ಪೆಡಲ್ ಪುಟಿಯುವಂತಿದ್ದು, ಬೇಗಬೇಗ ಒತ್ತಿದಷ್ಟೂ ಗಟ್ಟಿಯಾಗುತ್ತ ಹೋದರೆ ಒಳಗೆ ಗಾಳಿಯಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಸಲಕ್ಕೆ ಮೇಲೆಯೇ ನಿಂತು, ಅಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದರೆ ಹಿಂದಿನ ಡ್ರಮ್ಮಿನ ಶೂಗಳು ಸವೆದೋ ಸಡಿಲವಾಗಿಯೋ ಡ್ರಮ್ಮಿನಿಂದ ದೂರ ಸರಿದಿವೆ. ಮೊದಲು ಗಟ್ಟಿಯಾಗಿಯೇ ಸಿಕ್ಕು, ಕಾಲನ್ನು ಹಾಗೆಯೇ ಇಟ್ಟುಕೊಂಡಾಗ ನಿಧಾನವಾಗಿ ಕೆಳಗಿಳಿದರೆ ದ್ರವ ಎಲ್ಲೋ ಜಾರಿಕೊಳ್ಳುತ್ತಿದೆ: ಹೊರಕ್ಕೆ ಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ಹಿಂದಕ್ಕೆ ನುಸುಳುತ್ತಿರಬೇಕು.

ನಮ್ಮ ರಸ್ತೆಗಳಲ್ಲಿ ಇನ್ನೂ ಉಳಿದಿರುವ ಹಳೆ ಕಾರುಗಳಲ್ಲಿ ಎರಡನೇ ಬಗೆಯೇ ಜಾಸ್ತಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಹಳೆಯ ಮಾದರಿಗಳಲ್ಲಿ ನಾಲ್ಕೂ ಡ್ರಮ್. ಆಮೇಲೆ ಬಂದ ಮಾರುತಿ ಝೆನ್‌ನಂಥ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಿಸ್ಕಿನ ಪ್ಯಾಡು ಸವೆದಂತೆ ಪಿಸ್ಟನ್ ತಾನೇ ಮುಂದೆ ಸರಿದು ನಿಲ್ಲುತ್ತದೆ. ಡ್ರಮ್ಮಿನ ಶೂ ಸ್ಪ್ರಿಂಗಿನ ಎಳೆತಕ್ಕೆ ಪ್ರತಿಸಲ ಹಿಂದಕ್ಕೆ ಹೋಗುತ್ತದೆ, ಸವೆದಷ್ಟೂ ಮುಂದಿನ ಸಲ ದೂರ ಬರಬೇಕು. ಅದನ್ನು ಹತ್ತಿರ ತರುವುದೇ ಅಡ್ಜಸ್ಟರಿನ ಕೆಲಸ. ತೀರ ಹಳೆಯ ಕಾರುಗಳಲ್ಲಿ ಅದನ್ನು ಕೈಯಿಂದ ತಿರುಗಿಸಬೇಕು. ನಂತರದವುಗಳಲ್ಲಿ ಅದು ತಾನೇ ಸರಿದುಕೊಳ್ಳಬೇಕು, ಆದರೆ ಮಳೆ ನೀರು, ಕೆಸರು, ಶೂಗಳ ಪುಡಿ ಸೇರಿ ತುಕ್ಕು ಹಿಡಿದ ಮೇಲೆ ಅದು ಕದಲುವುದಿಲ್ಲ.

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕನ್ನು ಕೆಲವು ಹಲ್ಲು ಎಳೆದು ಪೆಡಲ್ ಒತ್ತಿ. ಮೊದಲಿಗಿಂತ ಸ್ಪಷ್ಟವಾಗಿ ಮೇಲೆ ಹಿಡಿದರೆ ಕಾರಣ ಹಿಂದಿನ ಶೂಗಳಲ್ಲೇ ಇದೆ, ಗಾಳಿಯ ಮೇಲೆ ಆರೋಪ ಹೊರಿಸಬೇಕಿಲ್ಲ. ಇಲ್ಲಿ ಬಹಳ ಗ್ಯಾರೇಜುಗಳು ಒಂದು ಅಡ್ಡದಾರಿ ಹಿಡಿಯುತ್ತವೆ, ಹ್ಯಾಂಡ್‌ಬ್ರೇಕ್ ಕೇಬಲ್ಲನ್ನೇ ಬಿಗಿದು ಕೊಟ್ಟುಬಿಡುತ್ತವೆ. ಹ್ಯಾಂಡ್‌ಬ್ರೇಕ್ ಮೇಲೆ ಬರುತ್ತದೆ, ಪೆಡಲೂ ಒಂದಿಷ್ಟು ಮೇಲೆ ಬಂದಂತೆ ಕಾಣುತ್ತದೆ. ಆದರೆ ಕೇಬಲ್ ಬಿಗಿಯಾಗಿದ್ದರೆ ಶೂಗಳು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ತಾನೇ ಸರಿದುಕೊಳ್ಳುವ ಅಡ್ಜಸ್ಟರಿಗೆ ಕೆಲಸ ಮಾಡಲು ಜಾಗವೇ ಉಳಿಯುವುದಿಲ್ಲ. ಕ್ರಮ ತಿರುಗಬೇಕು: ಕೇಬಲ್ ಸಡಿಲಿಸಿ, ಡ್ರಮ್ ಬಿಚ್ಚಿ, ಅಡ್ಜಸ್ಟರಿನ ತುಕ್ಕು ತೆಗೆದು, ಶೂ ಡ್ರಮ್ಮಿಗೆ ತುಸುವೇ ತಾಗುವವರೆಗೆ ತಂದು, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಟ್ಟು, ಎಲ್ಲಕ್ಕೂ ಕೊನೆಯಲ್ಲಿ ಕೇಬಲ್.

ಡ್ರಮ್ ಬಿಚ್ಚಿದಾಗ ಕಾಣುವ ಕಪ್ಪು ಪುಡಿಯನ್ನು ಬಾಯಿಂದ ಊದಬಾರದು, ಕಂಪ್ರೆಸರಿನ ಗಾಳಿಯನ್ನೂ ಹೊಡೆಯಬಾರದು. ಹಳೆಯ ಶೂಗಳ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಆ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ದಿನಕ್ಕೆ ಹತ್ತು ಡ್ರಮ್ ಬಿಚ್ಚುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಕಾರು ಅವರ ಕೈಯಲ್ಲಿರುವಾಗಲಾದರೂ ನಾವು ಹೇಳಬಹುದು.

ಅಲ್ಲೇ ವೀಲ್ ಸಿಲಿಂಡರನ್ನೂ ನೋಡಿ. ಎರಡು ತುದಿಯ ರಬ್ಬರ್ ಟೊಪ್ಪಿಯ ಅಂಚನ್ನು ಮೆಲ್ಲಗೆ ಎತ್ತಿದಾಗ ಒಳಗಿಂದ ದ್ರವ ಇಳಿದರೆ ಸಿಲಿಂಡರ್ ಮುಗಿದಿದೆ. ಟೈರಿನ ಒಳಮೈ ಒದ್ದೆಯಾಗಿರುವುದು ಇನ್ನೂ ಮುಂದುವರಿದ ಹಂತ. ಹಿಂಬದಿಯ ಆಕ್ಸಲ್ ಸೀಲ್ ಹೋಗಿದ್ದರೆ ಗೇರ್ ಆಯಿಲೂ ಡ್ರಮ್ಮಿಗೆ ಇಳಿಯುತ್ತದೆ, ಎರಡನ್ನೂ ಬೇರ್ಪಡಿಸಿ ಗುರುತಿಸಬೇಕು. ಒಂದು ಹನಿಯನ್ನು ನೀರಿನ ಲೋಟಕ್ಕೆ ಹಾಕಿದರೆ ಬ್ರೇಕ್ ದ್ರವ ಕರಗಿಹೋಗುತ್ತದೆ, ಗೇರ್ ಆಯಿಲ್ ಮೇಲೆ ತೇಲುತ್ತದೆ. ಯಾವುದೇ ಆಗಲಿ, ಅದರಲ್ಲಿ ನೆನೆದ ಶೂಗಳನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವುದು ಬೇಡ. ಎರಡೂ ಬದಿಗೆ ಹೊಸದು ಹಾಕಬೇಕು.

ಮಾಸ್ಟರ್ ಸಿಲಿಂಡರಿನ ಒಳಸೋರಿಕೆ ಪತ್ತೆಗೆ ಕಷ್ಟ, ಏಕೆಂದರೆ ನೆಲದ ಮೇಲೆ ಹನಿ ಬೀಳುವುದಿಲ್ಲ, ಮೇಲಿನ ದ್ರವದ ಡಬ್ಬಿಯಲ್ಲಿ ಮಟ್ಟವೂ ಇಳಿಯುವುದಿಲ್ಲ. ಪಿಸ್ಟನ್ನಿನ ರಬ್ಬರ್ ಕಪ್ಪಿನ ತುಟಿ ಸವೆದು, ದ್ರವ ಅದರ ಪಕ್ಕದಿಂದ ನುಸುಳಿ ವಾಪಸು ಡಬ್ಬಿಗೇ ಹೋಗುತ್ತಿರುತ್ತದೆ. ಜೋರಾಗಿ ಒತ್ತಿದರೆ ಈ ದೋಷ ಅಡಗಿಕೊಳ್ಳುವುದೂ ಉಂಟು. ಒತ್ತಡ ಹೆಚ್ಚಿದಾಗ ಕಪ್ಪಿನ ತುಟಿ ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆದ್ದರಿಂದ ಸಿಗ್ನಲಿನಲ್ಲಿ ನಿಂತಾಗ ಇಡುವಷ್ಟೇ ಹಗುರಾಗಿ ಕಾಲಿಟ್ಟು ಒಂದು ನಿಮಿಷ ಕಾಯಬೇಕು. ಆಗ ಇಳಿದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಸಂಶಯ ಮಾಸ್ಟರ್ ಸಿಲಿಂಡರಿನ ಮೇಲೆ.

ಹೊರಗೆ ಕಾಣದ ಇನ್ನೊಂದು ಸೋರಿಕೆಯೂ ಇದೆ. ಸಿಲಿಂಡರಿನ ಹಿಂಬದಿ ಸೀಲ್ ಹೋದರೆ ದ್ರವ ನೇರ ಬೂಸ್ಟರಿನೊಳಗೆ ಇಳಿಯುತ್ತದೆ, ನೆಲ ಒಣಗಿಯೇ ಇರುತ್ತದೆ. ಡಬ್ಬಿಯ ಮಟ್ಟ ಮಾತ್ರ ವಾರ ವಾರಕ್ಕೂ ಇಳಿಯುತ್ತದೆ. ಕೆಲವೊಮ್ಮೆ ಬೂಸ್ಟರಿನ ಪೈಪಿನ ಮೂಲಕ ಎಂಜಿನ್ ಅದನ್ನು ಎಳೆದುಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡುತ್ತದೆ. ಬೂಸ್ಟರಿಗೆ ಸಿಲಿಂಡರನ್ನು ಹಿಡಿದಿರುವ ನಟ್‌ಗಳನ್ನು ಬಿಚ್ಚಿ, ತುಸು ಮುಂದೆ ಸರಿಸಿ, ಬೆರಳಿಟ್ಟು ನೋಡಿದರೆ ಸಂಶಯ ಪರಿಹಾರ.

ಒಳಗಿನ ರಬ್ಬರುಗಳ ಕಿಟ್ ಹಾಕಿಸುವುದೋ ಹೊಸ ಸಿಲಿಂಡರ್ ಹಾಕಿಸುವುದೋ? ಒಳಗೋಡೆ ಕನ್ನಡಿಯಂತೆ ನಯವಾಗಿದ್ದರೆ ಕಿಟ್ ಸಾಕು. ಉಗುರಿಗೆ ತಡೆಯುವ ಗೀರು, ಕಪ್ಪು ಕಲೆ, ಗುಳಿ ಇದ್ದರೆ ಹೊಸ ರಬ್ಬರನ್ನೂ ಅದು ಬೇಗನೆ ತಿಂದುಹಾಕುತ್ತದೆ. ಇಪ್ಪತ್ತು ಮೂವತ್ತು ವರ್ಷದ ಕಾರಿನಲ್ಲಿ ನಯವಾದ ಗೋಡೆ ಸಿಗುವುದು ಅಪರೂಪ, ಹಾಗಾಗಿ ನನ್ನ ಮತ ಹೊಸ ಸಿಲಿಂಡರಿಗೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕಬೇಕು. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ತಯಾರಿಕೆಯ ವರ್ಷವನ್ನೂ ನೋಡಿ. ಕಪಾಟಿನಲ್ಲಿ ಹತ್ತು ವರ್ಷ ಕೂತ ರಬ್ಬರ್ ಹಾಕುವ ಮೊದಲೇ ಗಟ್ಟಿಯಾಗಿರುತ್ತದೆ.

ಇನ್ನು ಘಟ್ಟದ ಮಾತು. ಮೇಲೆ ಹೇಳಿದ ಯಾವ ಪರೀಕ್ಷೆಯಲ್ಲೂ ಸಿಗದೆ, ಗ್ಯಾರೇಜಿನಲ್ಲಿ ಪೂರ್ತಿ ಸರಿಯಿದ್ದು, ಇಳಿಜಾರಿನಲ್ಲಿ ಮಾತ್ರ ಕೈಕೊಡುವ ಪೆಡಲ್ ಇದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಕಾರು ಹೇರ್‌ಪಿನ್ ತಿರುವುಗಳಲ್ಲಿ ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರ ಕಳೆದುಕೊಳ್ಳುತ್ತದೆ. ನಾಲ್ಕು ಜನ, ಸಾಮಾನು ಸೇರಿ ಒಂದು ಟನ್ ತೂಗುವ ಪುಟ್ಟ ಕಾರು ಅಷ್ಟು ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಹತ್ತಿರ ಹತ್ತಿರ 50 ಲಕ್ಷ ಜೂಲ್, 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು. ಎಂಜಿನ್ ತಡೆಹಿಡಿದದ್ದು, ಗಾಳಿ ತಡೆದದ್ದು ಬಿಟ್ಟು ಉಳಿದ ಶಾಖವೆಲ್ಲ ಬ್ರೇಕಿಗೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸುವವರು ಎಂಜಿನ್ನಿನ ಪಾಲನ್ನೂ ಬ್ರೇಕಿನ ಮೇಲೆಯೇ ಹೇರುತ್ತಾರೆ. ಎಂಜಿನ್ ಆಫ್ ಮಾಡಿ ಇಳಿಸುವವರು ಬೂಸ್ಟರಿನ ಸಹಾಯವನ್ನೂ ಕಳೆದುಕೊಳ್ಳುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಹತ್ತುವುದಕ್ಕೆ ಬೇಕಾದ ಗೇರೇ ಇಳಿಯುವುದಕ್ಕೂ ಇರಲಿ.

ಬ್ರೇಕ್ ಆಯಿಲ್ ಎಂದು ಅಂಗಡಿಯಲ್ಲಿ ಕೊಳ್ಳುವ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಈಥರ್. ನೀರನ್ನು ಹೀರುವುದು ಅದರ ಗುಣ. ಡಬ್ಬಿಯ ಮುಚ್ಚಳದಿಂದ, ರಬ್ಬರ್ ಹೋಸಿನ ಗೋಡೆಯಿಂದಲೂ ತೇವ ಒಳಗೆ ಸೇರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಕರಾವಳಿಯ ತೇವದಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ವರ್ಷಗಟ್ಟಲೆ ಬದಲಿಸದ ದ್ರವ ಘಟ್ಟದ ಶಾಖಕ್ಕೆ ಕ್ಯಾಲಿಪರಿನಲ್ಲಿ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಚಲಿಸುವಾಗ ಬೀಸುವ ಗಾಳಿ ಡಿಸ್ಕನ್ನು ತಣಿಸುತ್ತಿರುತ್ತದೆ. ಘಟ್ಟದ ಬುಡದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಆ ತಂಪು ನಿಂತು, ಪ್ಯಾಡಿನ ಶಾಖ ಪಿಸ್ಟನ್ನಿಗೆ, ದ್ರವಕ್ಕೆ ಇಳಿಯುತ್ತದೆ. ಇಡೀ ಘಟ್ಟ ಚೆನ್ನಾಗಿ ಹಿಡಿದ ಬ್ರೇಕು ಚಹಾ ಕುಡಿದು ಹೊರಟ ಮೊದಲ ತಿರುವಿನಲ್ಲಿ ಇಲ್ಲವಾಗುವುದು ಹೀಗೆ. ಒಂದು ಗಂಟೆ ತಣಿದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೇಲೆ ಬರುತ್ತದೆ, ಮಂಗಳೂರಿನ ಗ್ಯಾರೇಜಿನಲ್ಲಿ “ಏನೂ ತೊಂದರೆ ಇಲ್ಲವಲ್ಲ” ಎನ್ನುತ್ತಾರೆ. ಅಂಥ ಕಾರಿಗೆ ಹೊಸ ದ್ರವ ಬೇಕು, ಪ್ಯಾಡು ಅಂಟಿಕೊಂಡು ಸದಾ ಉಜ್ಜುತ್ತಿದೆಯೇ ಎಂಬುದನ್ನೂ ನೋಡಬೇಕು. ಘಟ್ಟದಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ: ಲೈನಿಂಗ್ ಕಾದು ಹಿಡಿತ ಕಳೆದುಕೊಂಡಿದೆ.

ದ್ರವದ ಬಣ್ಣ ನೋಡಿ ನೀರಿನ ಅಂಶ ಹೇಳಲಾಗುವುದಿಲ್ಲ, ತಿಳಿಯಾಗಿದ್ದರೂ ನೀರು ಕುಡಿದಿರಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯ ರೂಢಿ. ಸೀಲ್ ಒಡೆದು ಅರ್ಧ ಬಳಸಿಟ್ಟ ಬಾಟಲಿ ಬೇಡ. ಡಾಟ್ 3, 4, 5.1 ಒಂದೇ ಕುಲದವು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳೊಂದಿಗೆ ಬೆರೆಸಕೂಡದು. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆಯ ಒಂದು ತೊಟ್ಟೂ ಈ ವ್ಯವಸ್ಥೆಯ ರಬ್ಬರಿಗೆ ತಾಗಬಾರದು. ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆದು ಹೊಸ ಕಪ್ ಹಾಕುವ ರೂಢಿ ನಮ್ಮಲ್ಲಿದೆ, ಕಪ್ ಉಬ್ಬಿ ಕೆಡುತ್ತದೆ. ತೊಳೆಯಲೂ ಬ್ರೇಕ್ ದ್ರವವೇ ಸರಿ.

ಇಷ್ಟರಲ್ಲೂ ಸಿಗದಿದ್ದರೆ ಹೋಸ್‌ಗಳನ್ನು ನೋಡಬೇಕು. ಹಳೆ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ನಯವಾದ ದವಡೆಯ ಕ್ಲ್ಯಾಂಪುಗಳಿಂದ ಎಲ್ಲ ಹೋಸ್‌ಗಳನ್ನೂ ಮುಚ್ಚಿದಾಗ ಪೆಡಲ್ ಗಟ್ಟಿಯಾಗಬೇಕು. ಆಗಲೂ ಮೆತ್ತಗಿದ್ದರೆ ಮಾಸ್ಟರ್ ಸಿಲಿಂಡರ್. ಗಟ್ಟಿಯಾದರೆ ಒಂದೊಂದಾಗಿ ಬಿಡುತ್ತ ಹೋಗಿ, ಯಾವುದನ್ನು ಬಿಟ್ಟಾಗ ಮೆತ್ತಗಾಯಿತೋ ದೋಷ ಆ ಚಕ್ರದಲ್ಲಿದೆ. ಕ್ಯಾಲಿಪರಿನ ಪಿನ್ ಅಂಟಿಕೊಂಡು ಪ್ಯಾಡು ಓರೆಯಾಗಿ ಸವೆದಿದ್ದರೂ ಪೆಡಲ್ ಪುಟಿಯುತ್ತದೆ. ಎಡ ಬಲದ ಕ್ಯಾಲಿಪರ್ ಅದಲು ಬದಲು ಆಗಿದ್ದರೆ ನಿಪ್ಪಲ್ ಕೆಳಮುಖಕ್ಕೆ ಬರುತ್ತದೆ, ಗಾಳಿ ಮೇಲ್ಗಡೆ ಸಿಕ್ಕಿಕೊಂಡಿರುತ್ತದೆ, ಎಷ್ಟು ಲೀಟರ್ ಸುರಿದರೂ ಬರುವುದಿಲ್ಲ. ನಿಪ್ಪಲ್ ಯಾವಾಗಲೂ ಮೇಲ್ಗಡೆ ಇರಬೇಕು.

ಬಂದ ದಾರಿ ಮುಚ್ಚಿದ ಮೇಲೆ ಗಾಳಿ ತೆಗೆಯುವುದು. ಹಿಂದಿನ ದಿನವೇ ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊರಗಿನಿಂದ ಹಾಕಿಡಿ. ಓಪನ್ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರ್ ಇರಲಿ, ಮುರಿದ ನಿಪ್ಪಲ್ ಎಂದರೆ ಹೊಸ ಕ್ಯಾಲಿಪರ್ ಎಂದೇ ಅರ್ಥ. ಕಾರನ್ನು ಜಾಕಿನ ಮೇಲೆ ಮಾತ್ರ ನಂಬಿ ಬಿಡಬೇಡಿ, ಸ್ಟ್ಯಾಂಡ್ ಕೊಡಿ, ಉಳಿದ ಚಕ್ರಕ್ಕೆ ಕಲ್ಲು ಕೊಡಿ. ಕ್ರಮ ಕಾರಿನ ಪುಸ್ತಕದಲ್ಲಿ ಇದ್ದಂತೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು, ನಮ್ಮ ಬಲಗೈ ಸ್ಟಿಯರಿಂಗಿನ ಕಾರುಗಳಲ್ಲಿ ಹಿಂದಿನ ಎಡಚಕ್ರ. ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಅದರ ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ.

“ಒತ್ತಿ.” “ಹಿಡ್ಕೊಳ್ಳಿ.” ಆಗ ನಿಪ್ಪಲ್ ಅರ್ಧ ಸುತ್ತು ಸಡಿಲ, ಗುಳ್ಳೆ ಬರುತ್ತದೆ, ನಿಪ್ಪಲ್ ಬಿಗಿ. ಆಮೇಲೆ ಮಾತ್ರ, “ಈಗ ಬಿಡಿ.” ಈ ಮೂರು ಮಾತಿನ ಕ್ರಮ ತಪ್ಪಿ ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಲು ಮೂರನೆಯವರಿದ್ದರೆ ಒಳ್ಳೆಯದು. ಹಳೆ ಕಾರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಓಡಾಡದ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ಒತ್ತಿದಾಗ ಕಪ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಗಾಳಿ ತೆಗೆಸಿದ ಮರುವಾರವೇ ಮಾಸ್ಟರ್ ಸಿಲಿಂಡರ್ ಕೈಕೊಟ್ಟ ಕಥೆಗಳ ಹಿಂದೆ ಹೆಚ್ಚಿನ ಸಲ ಇರುವುದು ಇದೇ. ಬಣ್ಣದ ಮೇಲೆ ಚೆಲ್ಲಿದ ದ್ರವ ಬಣ್ಣವನ್ನು ಎಬ್ಬಿಸುತ್ತದೆ, ಕೂಡಲೇ ನೀರು ಸುರಿಯಿರಿ. ಎಬಿಎಸ್ ಇರುವ ಕಾರಾದರೆ ಅದರ ಪೆಟ್ಟಿಗೆಯೊಳಗೆ ಸೇರಿದ ಗಾಳಿಗೆ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಬಲವಾಗಿ ಒತ್ತಿ ಹಿಡಿದು ನಾಲ್ಕೂ ನಿಪ್ಪಲ್, ಹೋಸಿನ ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಬೇಕು. ಮೊದಲ ಓಟ ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ. ರಾತ್ರಿ ನಾಲ್ಕೂ ಚಕ್ರದ ಕೆಳಗೆ ಹಳೆ ಪತ್ರಿಕೆ ಹಾಸಿ, ಡಬ್ಬಿಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಡಿ. ಬೆಳಗ್ಗೆ ಪತ್ರಿಕೆ ಒದ್ದೆಯಾಗಿದ್ದರೆ, ದ್ರವ ಗೆರೆಗಿಂತ ಕೆಳಗಿದ್ದರೆ, ಪೆಡಲ್ ಎಷ್ಟೇ ಗಟ್ಟಿಯಾಗಿದ್ದರೂ ಆ ದಿನ ಬಸ್ಸಿನಲ್ಲಿ ಹೋಗಿ.